ಗಂಡು ಮರದ ಮಡಿಲಕ್ಕಿ

ದೇವರನ್ನು ನಂಬುತ್ತೇನೆ; ಪವಾಡಗಳನ್ನು ನಂಬುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಹಾಲು ಉಕ್ಕುವ ಮೊದಲೇ ನೋಡಿದೆ, ನನಗೆ ಅಷ್ಟು ದಯೆ ಸಾಕು. ಯಾರಾದರೂ ವಿಚಿತ್ರ ಕಥೆ ತೆಗೆದರೆ ಒಲೆ ನೋಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳುತ್ತಿದ್ದೇನೆ. ನೀವು ಎದ್ದು ಹೋದರೂ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆ. ನಾವು ಶಿವಮೊಗ್ಗದ ರವೀಂದ್ರನಗರದಲ್ಲಿದ್ದೆವು. ನಮ್ಮ ಯಜಮಾನರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದರು. ಭದ್ರಾವತಿಯ ಆಚೆ ಹಳೆಯ ಎಸ್ಟೇಟ್ ಬಂಗಲೆಯೊಂದರ ತೋಟದಲ್ಲಿ ಯಾರೋ ಹಿಂದೆ ತರಿಸಿ ನೆಟ್ಟ ಖರ್ಜೂರದ ಮರಗಳಿದ್ದವು, ಪಕ್ಕದಲ್ಲೇ ನಮ್ಮ ಈಚಲು. ಎರಡೂ ಬೆರೆತು ಹುಟ್ಟಿದಂತೆ ಕಾಣುವ ಕೆಲವು ಮರಗಳೂ ಇದ್ದವು. ಅವು ನಿಜವಾಗಿ ಹೈಬ್ರಿಡ್ಡೇ ಎಂದು ಗುರುತಿಸಲು ಭಾನುವಾರ ಬಂತೆಂದರೆ ಇವರು ಹೊರಡುತ್ತಿದ್ದರು. ಜೊತೆಗೆ ಅದೇ ಕಾಲೇಜಿನ ವಿಜಯಾ ಮೇಡಂ. ಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಎನ್ನಲೂ ಬಾಯಿ ಬಿಡದ ಮನುಷ್ಯ, ಆಕೆಯ ಹತ್ತಿರ ಗರಿಯ ಮುಳ್ಳಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ನಾನೂ ಹೊರಟೆ.

"ಅಲ್ಲಿ ನಿಂಗೆ ಬೇಜಾರಾಗುತ್ತೆ ಕಣೇ" ಎಂದರು.

"ಮನೇಲಿ ಭಾಳ ಖುಷಿಯಾಗಿದೀನಿ ನೋಡಿ" ಎಂದೆ.

ತೋಟದಲ್ಲಿ ಇಬ್ಬರೂ ಕಾಂಡಕ್ಕೆ ಟೇಪು ಸುತ್ತಿ ವಾದಕ್ಕೆ ಬಿದ್ದರು. ಕಾಂಡ ಖರ್ಜೂರದ್ದು, ಗರಿ ಈಚಲಿನದ್ದು. ಒಂದು ಹಣ್ಣು ಸಿಕ್ಕಿದ್ದರೆ ಅನುಮಾನ ಬಗೆಹರಿಯುತ್ತಿತ್ತಂತೆ. ಆದರೆ ಅದು ಹಣ್ಣಿನ ಕಾಲವಲ್ಲ. ನನ್ನನ್ನು ಯಾರೂ ಮಾತಾಡಿಸಲಿಲ್ಲ. ಅವರು ಮುಂದೆ ಹೋದ ಮೇಲೆ ಆ ಮರಗಳಲ್ಲೊಂದರ ಬುಡದಲ್ಲಿ ಕೂತು, ಸಿಟ್ಟು ಇಳಿಯಲೆಂದು ಕಣ್ಣು ಮುಚ್ಚಿ ದೇವಿಯ ನಾಮ ಹೇಳಿಕೊಂಡೆ.

ಮಡಿಲಿಗೆ ಏನೋ ಬಿತ್ತು. ಬಿತ್ತು ಎನ್ನುವುದಕ್ಕಿಂತ, ಸುರಿದಂತಾಯಿತು. ತವರಿನಿಂದ ಹೊರಡುವಾಗ ಅಮ್ಮ ಮಡಿಲು ತುಂಬಿದರೆ ಸೆರಗು ಭಾರವಾಗುತ್ತದಲ್ಲ, ಹಾಗೆ. ಕಣ್ಣು ಬಿಟ್ಟರೆ ಸೆರಗಿನಲ್ಲಿ ಕಿತ್ತಳೆ ಬಣ್ಣದ ಹಣ್ಣುಗಳು. ಸುತ್ತ ಯಾರೂ ಇರಲಿಲ್ಲ.

ಕೂಗಿದೆ. ಇವರು ಓಡಿ ಬಂದು ಒಂದನ್ನು ಬಿಡಿಸಿ ಬೀಜ ನೋಡಿದರು. "ಈಚಲು ಇಷ್ಟು ದಪ್ಪ ಇರಲ್ಲ, ಖರ್ಜೂರದ ಬೀಜ ಹಿಂಗಿರಲ್ಲ. ಎಲ್ಲಿ ಸಿಕ್ತೇ?"

ಮೇಲೆ ತೋರಿಸಿದೆ.

ಮೇಡಂ ನಕ್ಕರು. "ಇದು ಗಂಡು ಮರ ಮಾರಾಯ್ತಿ! ಹೂ ಬಿಡುತ್ತೆ, ಕಾಯಿ ಕಟ್ಟಲ್ಲ."

ಇಡೀ ತೋಟ ಹುಡುಕಿದರೂ ಒಂದು ಗೊನೆ ಕಾಣಲಿಲ್ಲ. ರಾತ್ರಿ ಬಾವಲಿ ಎಲ್ಲಿಂದಲೋ ತಂದು ಗರಿಗಳ ಸಂದಿಯಲ್ಲಿ ಬಿಟ್ಟದ್ದು ಈಗ ಬಿದ್ದಿರಬೇಕೆಂದು ಇವರು ತೀರ್ಮಾನಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಹೇಗೆ ಬಿತ್ತು, ಯಾವ ಕಡೆಯಿಂದ ಬಿತ್ತು ಎಂದು ದಾರಿಯುದ್ದಕ್ಕೂ ಕೇಳಿದರು. ಮುಂದಿನ ಸೀಟಿನಲ್ಲಿ ಮೇಡಂ ಒಬ್ಬರೇ ಹೊರಗೆ ನೋಡುತ್ತಿದ್ದರು. ಇಳಿಯುವಾಗ ನನ್ನ ಕಡೆ ಬಗ್ಗಿ, "ಎಷ್ಟು ವರ್ಷದಿಂದ ಬರ್ತಿದೀನಿ, ನಂಗೊಂದೂ ಬೀಳಲಿಲ್ಲ ನೋಡಿ" ಎಂದರು. ಆ ದನಿಯ ಉರಿ ನನಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದು ಸೀರೆ ಬದಲಿಸುವಾಗ ಸೆರಗಿನ ಮಡಿಕೆಯಿಂದ ಅಕ್ಕಿ ಉದುರಿತು. ಅರಿಶಿನ ಹಚ್ಚಿದ ಅಕ್ಕಿ. ಬಾವಲಿ ಹಣ್ಣು ತರುತ್ತದೆ, ಒಪ್ಪಿದೆ. ಇದನ್ನು ಯಾರು ತಂದರು? ಇವತ್ತಿಗೂ ನನಗೆ ತಿಳಿದಿಲ್ಲ.

ಇವರಿಗೆ ಹೇಳಲಿಲ್ಲ. ಹೇಳಿದರೆ ಮರುದಿನವೇ ಮೇಡಂಗೆ ತಲುಪುತ್ತಿತ್ತು. ಹಣ್ಣು ಅವರಿಬ್ಬರ ಪಾಲಿಗೆ ಹೋಯಿತು, ಹೋಗಲಿ. ಮಡಿಲಕ್ಕಿಯನ್ನು ಇನ್ನೊಬ್ಬರಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ.