ಸಣ್ಣವನ ಪಾಲು

ಮಳೆ ಹಿಡಿಯಿತೆಂದು ಕೂಲರನ್ನು ಎತ್ತಿಡುವ ಮುನ್ನ ಅದರ ತೊಟ್ಟಿಯ ನೀರನ್ನು ಅಂಗಳಕ್ಕೆ ಚೆಲ್ಲಿದೆ. ಬೇಸಿಗೆಯೆಲ್ಲ ನಿಂತು ಹಸಿರಾದ ನೀರು. ಆ ಪಾಚಿಯ ವಾಸನೆ ಮೂಗಿಗೆ ಬಡಿದದ್ದೇ, ಎದುರು ಮನೆಯ ಚಿಗವ್ವ ಹಿತ್ತಾಳೆ ಗಿಂಡಿ ಹಿಡಿದು ಹೊಂಡದ ದಂಡೆಯ ಮೇಲೆ ನಿಂತಂತಾಯಿತು...

ವಾಡಿ ರಸ್ತೆಯ ಆಚೆ, ಊರಿನ ಗಟಾರಗಳೆಲ್ಲ ಹೋಗಿ ಸೇರುವಲ್ಲಿ, ಆಗ ಮೂರು ಹೊಂಡಗಳಿದ್ದವು. ದಂಡೆಗೆ ಪರ್ಶಿ ಕಲ್ಲು ಹಾಸಿದ್ದರು. ಊರಿನ ಹೊಲಸು ಮೊದಲನೆಯದಕ್ಕೆ ಕರ್ರಗೆ ಬಂದು ಬೀಳುತ್ತಿತ್ತು. ರಾಡಿಯನ್ನು ಅಲ್ಲೇ ತಳಕ್ಕೆ ಬಿಟ್ಟು, ಎರಡನೆಯದರಲ್ಲಿ ಬಿಸಿಲಿಗೆ ಹಸಿರಾಗಿ, ಮೂರನೆಯದಕ್ಕೆ ಬರುವಷ್ಟರಲ್ಲಿ ಮೀನು ಬದುಕುವ ನೀರಾಗುತ್ತಿತ್ತು.

ಮೊದಲು ಅದೆಲ್ಲ ಬಯಲು. ಚಿಗವ್ವನ ಹಾಲುಗೂಸು ತೀರಿಕೊಂಡಾಗ ಅಲ್ಲಿಯ ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದರು. ಗುರುತಿಗೆ ಕಲ್ಲಿಟ್ಟಿರಲಿಲ್ಲ, ಗಿಡವೇ ಗುರುತು. ಹೊಂಡ ತೋಡುವಾಗ ಅವಳು ಸುಲೇಪೇಟದ ತವರಿನಲ್ಲಿದ್ದಳು. ತಿರುಗಿ ಬಂದಾಗ ಗಿಡವೂ ಇಲ್ಲ, ಬಯಲೂ ಇಲ್ಲ.

ಗಿಡ ಇದ್ದ ಜಾಗ ಯಾವುದೆಂದು ಹೊಂಡ ಕಾಯುವ ಚಾಚಾನನ್ನು ಕೇಳಿದಳಂತೆ. "ಕಡೀ ಹೊಂಡದಾಗರಿ ಅಕ್ಕಾ. ನೋಡ್ರಿ, ಮೀನ ಹೆಂಗ ಆಡಾಕತ್ತಾವ" ಎಂದನಂತೆ ಅವನು. ಸುಳ್ಳು. ಕೂಸನ್ನು ಎತ್ತಿಕೊಂಡು ಹೋದವರಲ್ಲಿ ನಮ್ಮ ಅಪ್ಪನೂ ಇದ್ದರು. ಗಿಡ ಇದ್ದದ್ದು ಮೊದಲನೇ ಹೊಂಡದ ಜಾಗದಲ್ಲಿ ಎಂದು ಮನೆಯೊಳಗೆ ಮೆಲ್ಲಗೆ ಹೇಳಿದ್ದರು. ಚಿಗವ್ವನಿಗೆ ಮಾತ್ರ ಗೊತ್ತಾಗದಂತೆ ಓಣಿಯೆಲ್ಲ ಬಾಯಿ ಬಿಗಿಹಿಡಿದಿತ್ತು.

ಪಂಚಮಿಯಲ್ಲಿ ನಾಗಪ್ಪನಿಗೆ ಹಾಲೆರೆಯುವಾಗ ನಮ್ಮಲ್ಲಿ ಅವ್ವನ ಪಾಲು, ಅಪ್ಪನ ಪಾಲು ಎಂದು ಮನೆಯವರೆಲ್ಲರ ಪಾಲನ್ನೂ ಹೇಳಿ ಎರೆಯುತ್ತಾರೆ. ಚಿಗವ್ವ ಗಿಂಡಿಯ ತಳದಲ್ಲಿ ಸ್ವಲ್ಪ ಉಳಿಸಿಕೊಂಡು ಹೊಂಡದ ಕಡೆ ನಡೆಯುತ್ತಿದ್ದಳು. "ಗಟಾರಕ್ಕ ಹಾಲ ಸುರೀತಾಳ, ನಮಗ ಚಾಕ್ಕ ಕೇಳಿದ್ರ ಎಮ್ಮಿ ಹಾಲೇ ಕೊಡವಲ್ದು ಅಂತಾಳ" ಎಂದು ನಳದ ಹತ್ತಿರ ಹೆಂಗಸರು ನಗುತ್ತಿದ್ದರು. ನಗುತ್ತಲೇ ಕೊಡ ಸರಿಸಿ ದಾರಿ ಬಿಡುತ್ತಿದ್ದರು.

ನಾನು ಕಾಲೇಜಿನ ರಜೆಗೆ ಬಂದಿದ್ದ ಒಂದು ವರ್ಷ, ಮೊಣಕಾಲು ನೋವೆಂದು ನನ್ನನ್ನು ಜೊತೆಗೆ ಕರೆದಳು. ಮೂರನೇ ಹೊಂಡದ ದಂಡೆಯಲ್ಲಿ ಕೂತು "ಸಣ್ಣಂವನ ಪಾಲು" ಎಂದು ಎರೆದಳು. ಹಾಲು ತಕ್ಷಣ ಕರಗಲಿಲ್ಲ. ಬೆಳ್ಳಗೆ ಹರಡಿ ನಿಂತಿತು. ಅದರ ಕೆಳಗಿನಿಂದ ಸಣ್ಣ ಸಣ್ಣ ಬಾಯಿಗಳು ಮೇಲೆ ಬಂದವು. ಮೀನುಗಳು. ಮೀನುಗಳೇ ಇರಬೇಕು...

ನನಗರಿವಿಲ್ಲದೆ ಮೊದಲನೇ ಹೊಂಡದ ಕಡೆ ನೋಡಿದ್ದೆನೋ ಏನೋ.

"ಅಲ್ಲೇನ ನೋಡ್ತಿ? ಅಲ್ಲೇ ಹೂತಾರಂತ ನನಗೂ ಗೊತ್ತದ" ಎಂದಳು. "ಇಷ್ಟ ವರ್ಷ ಅಲ್ಲೇ ಕುಂತಿರ್ತಾನೇನು? ನೀರಿನ ಕೂಡ ಹರಕೋತ ಇಲ್ಲಿಗಿ ಬಂದಿರ್ತಾನ. ಭಾಳ ಸ್ವಚ್ಛ ಆಗಿ ಬಂದಿರ್ತಾನ. ಚಾಚಾಗ ಹೇಳಬ್ಯಾಡ ಮತ್ತ. ಪಾಪ, ಅಂವಗ ಕೆಟ್ಟನಸ್ತದ."

ಇದೇ ಮಾತಿನಲ್ಲಿ ಹೇಳಿದಳೇ? ವರ್ಷಗಳು ಮಾತನ್ನು ತಿದ್ದಿರಬಹುದು. ಕೊನೆಯ ಹನಿಗಾಗಿ ಗಿಂಡಿಯನ್ನು ಕೊಡವಿದ ಆ ಕೈಯನ್ನು ಮಾತ್ರ ನಂಬುತ್ತೇನೆ.

ಈಗ ಚಿಗವ್ವ ಇಲ್ಲ, ಚಾಚಾ ಇಲ್ಲ, ಅಪ್ಪನೂ ಇಲ್ಲ. ಹೊಂಡಗಳನ್ನು ಮುಚ್ಚಿದ್ದಾರೆ, ಕಾಂಪೌಂಡಿನೊಳಗಿನ ಹೊಸ ಟಾಂಕಿಗಳಲ್ಲಿ ಯಂತ್ರ ನೀರನ್ನು ತೊಳೆಯುತ್ತದೆ. ಮುಚ್ಚುವ ಮೊದಲು ಮೊದಲನೇ ಹೊಂಡದ ಒಣಗಿದ ರಾಡಿಯನ್ನು ತೋಡಿ ತೆಗೆದು, ಗೊಬ್ಬರವೆಂದು ತೊಗರಿ ಹೊಲಗಳಿಗೆ ಒಯ್ದಿದ್ದರು. ಯಾರ ಹೊಲಗಳಿಗೋ...

ಪಂಚಮಿ ಹತ್ತಿರ ಬಂದಿದೆ. ಹಸಿರು ನೀರು ಅಂಗಳ ದಾಟಿ ಗಟಾರಕ್ಕೆ ಇಳಿಯುವವರೆಗೂ ನೋಡುತ್ತ ನಿಂತೆ. ಸಣ್ಣವನ ಪಾಲನ್ನು ಎಲ್ಲಿ ಎರೆಯಬೇಕೆಂದು ಕೇಳಿದರೆ, ಸುಳ್ಳನ್ನಾದರೂ ಹೇಳಲು ಈಗ ಯಾರೂ ಉಳಿದಿಲ್ಲ.