ಕಡಲ ದಂಡೆಯ ಟೀ ಅಂಗಡಿಯಲ್ಲಿ ಕಳಚಿದ ಉಂಗುರ

ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ನಾನೂ ನಮ್ಮೆಜಮಾನ್ರೂ ನಾಗಮಂಗಲದಿಂದ ಇಂಗ್ಲೆಂಡಿಗೆ ಹೋಗಿದ್ದೆವು. ಮಗಳು ಸವಿತಾ ಅಲ್ಲಿ ಶಾಲೆಯೊಂದರಲ್ಲಿ ಟೀಚರ್. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ, "ಅಮ್ಮ, ಬರೀ ಅಡುಗೆಮನೆ ನೋಡ್ಕೊಂಡು ವಾಪಸ್ ಹೋಗ್ತೀಯಾ?" ಅಂತ ಅವಳೇ ಕಾರು ತೆಗೆದು ನಮ್ಮನ್ನು ಸುತ್ತಲಿನ ಹಳ್ಳಿಗಳಿಗೆ ಕರೆದುಕೊಂಡು ಹೋಗತೊಡಗಿದಳು.

ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಒಂದೇ ಕಾರು ಹಿಡಿಸುವಷ್ಟು ದಾರಿ. ಎದುರಿಂದ ಇನ್ನೊಂದು ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಬೇಕು. ಕಲ್ಲಿನ ಮನೆಗಳು, ಕೆಲವಕ್ಕೆ ಹುಲ್ಲಿನ ಚಾವಣಿ. ಅಂಥ ಮನೆಗೆ ಬೆಲೆ ಜಾಸ್ತಿ ಅಂತ ಮಗಳು ಹೇಳಿದಾಗ ಮರಗೆಲಸದವರಾದ ನಮ್ಮೆಜಮಾನ್ರಿಗೆ ನಗು ತಡೆಯಲಿಲ್ಲ. "ನಮ್ ಅಕ್ಕಿಹೆಬ್ಬಾಳಲ್ಲಿ ಉಲ್ಲಿನ ಮನೆ ಅಂದ್ರೆ ಎಣ್ಣು ಕೊಡ್ತಿರ್ನಿಲ್ಲ ಕಣೇ. ಇಲ್ನೋಡು, ಸಾವ್ಕಾರ್ರು!"

ಆ ದಿನ ಹೋಗಿದ್ದು ಸಮುದ್ರದ ದಂಡೆಯ ಒಂದು ಪುಟ್ಟ ಊರಿಗೆ. ದಡದಲ್ಲಿ ಮರಳೇ ಇಲ್ಲ, ಬರೀ ಉರುಟು ಕಲ್ಲು. ಮಗುವಿನ ಗಾಡಿ ಒಂದಡಿ ಮುಂದೆ ಹೋಗಲಿಲ್ಲ. ಗಾಳಿಗೆ ನನ್ನ ಸೆರಗು ನಿಲ್ಲಲಿಲ್ಲ. ಚಳಿ ತಡೆಯಲಾರದೆ ದಂಡೆಯ ಮೇಲಿದ್ದ ಟೀ ಅಂಗಡಿಗೆ ಹೊಕ್ಕೆವು.

ಒಳಗೆ ಗದ್ದಲ. ಕುರ್ಚಿಯ ಮೇಲೆ ಎಂಬತ್ತು ದಾಟಿದ ಒಬ್ಬ ಅಜ್ಜಿ ಕೂತಿದ್ದರು. ಕಲ್ಲಿನ ಮೇಲೆ ಜಾರಿ ಬಿದ್ದು ಎಡಗೈ ಊರಿದ್ದರಂತೆ. ಉಂಗುರದ ಬೆರಳು ಬಾತು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ಅಂಗಡಿಯ ಹೆಂಗಸು ಐಸು ಇಟ್ಟು, ಸೋಪು ಹಚ್ಚಿ ಎಳೆದು ನೋಡಿದ್ದಳು. ಜಗ್ಗಿರಲಿಲ್ಲ.

"ಆಸ್ಪತ್ರೆ ದೂರ ಇದೆಯಂತೆ. ಅಲ್ಲೂ ಉಂಗುರ ಕತ್ತರಿಸಲೇಬೇಕಾಗತ್ತಂತೆ," ಅಂದಳು ಸವಿತಾ. "ಅಜ್ಜಿ ಒಪ್ತಿಲ್ಲ. ಮದುವೆ ದಿನ ಗಂಡ ಹಾಕಿದ್ದು, ಅವರು ಹೋದಮೇಲೂ ತೆಗೆದಿಲ್ಲ ಅಂತಾರೆ."

ಅಜ್ಜಿ ಅಳುತ್ತಿರಲಿಲ್ಲ. ಆದರೆ ಆ ಕೈಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದ ರೀತಿ ನೋಡಿ ನನ್ನ ಎದೆ ಚುರುಕ್ ಅಂದಿತು.

ನಮ್ಮಪ್ಪ ಕೆ.ಆರ್. ಪೇಟೆಯಲ್ಲಿ ಅಕ್ಕಸಾಲಿ. ಬೆರಳಿಗೆ ಉಂಗುರ ಸಿಕ್ಕಿಹಾಕಿಕೊಂಡ ಹೆಣ್ಣುಮಕ್ಕಳು ಅಂಗಡಿಗೆ ಬರುತ್ತಿದ್ದರು. ಪರಸ್ತ್ರೀಯರ ಕೈ ಹಿಡಿಯಲು ಅಪ್ಪನಿಗೆ ಸಂಕೋಚ. "ಬಾವ್ವ, ನೀನೇ ಸುತ್ತು," ಅಂತ ನನ್ನನ್ನು ಕರೆದು, ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದರು. ದಾರದಲ್ಲಿ ಉಂಗುರ ತೆಗೆಯುವುದನ್ನು ಹಾಗೆ ಕಲಿತೆ. ಮದುವೆಯಾದ ಮೇಲೆ ಅಂಗಡಿ, ಸಾಮಾನು ಎಲ್ಲ ತಮ್ಮನ ಪಾಲಾಯಿತು. ನನಗೂ ಒಂದು ಕೆಲಸ ಬರುತ್ತೆ ಅಂತ ನಾನೇ ಮರೆತುಬಿಟ್ಟಿದ್ದೆ.

"ನಾನು ತೆಗೀತೀನಿ," ಅಂದೆ.

ಸವಿತಾ ಗಾಬರಿಯಾದಳು. "ಬೇಡಮ್ಮ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಇದು ನಮ್ಮೂರಲ್ಲ."

ನಮ್ಮೆಜಮಾನ್ರು ಮಗುವನ್ನು ಹೆಗಲಿಗೆ ಹಾಕಿಕೊಂಡು, "ನೀ ಓಗೇ. ಅವ್ಳು ಎದ್ರುಕೊಂಡ್ರೆ ಎದ್ರುಕೊಳ್ಲಿ, ನಾನಿವ್ನಿ," ಅಂದರು.

ಬೆರಳು ಮಡಚಲು ಹೇಳಿಸಿದೆ. ಅಜ್ಜಿ ಮೆಲ್ಲಗೆ ಮಡಚಿದರು. ಮೂಳೆ ಮುರಿದಿಲ್ಲ ಅಂತ ಧೈರ್ಯ ಬಂತು. ಉಂಗುರ ಕತ್ತರಿಸದೆ ದಾರ ಸುತ್ತಿ ತೆಗೆಯುತ್ತೇನೆ ಅನ್ನುವ ನನ್ನ ಮಾತನ್ನು ಸವಿತಾ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅಜ್ಜಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಕೈ ಮುಂದೆ ಚಾಚಿದರು.

ಅಂಗಡಿಯವಳು ಬಟ್ಟೆ ಹೊಲಿಯುವ ದಾರ ತಂದುಕೊಟ್ಟಳು. ಉಂಗುರದ ಅಂಚಿನಿಂದ ಗೆಣ್ಣಿನ ಆಚೆವರೆಗೆ ಸಂದಿಲ್ಲದಂತೆ ಬಿಗಿಯಾಗಿ ಸುತ್ತಿದೆ. ದಾರದ ಇನ್ನೊಂದು ತುದಿಯನ್ನು ತಲೆಪಿನ್ನಿನಿಂದ ಉಂಗುರದಡಿ ತೂರಿಸಿ ಎಳೆದೆ. ಪಟ್ ಅಂತ ಕಿತ್ತುಹೋಯಿತು. ಅಜ್ಜಿ ನರಳಿದರು. "ಸಾಕಮ್ಮ, ಬಿಟ್ಬಿಡು," ಅಂದಳು ಮಗಳು.

ಬಿಡಲಿಲ್ಲ. ದಾರವನ್ನು ಎರಡೆಳೆ ಮಾಡಿ, ಮೇಜಿನ ಮೇಲಿದ್ದ ಮೇಣದಬತ್ತಿಗೆ ಚೆನ್ನಾಗಿ ಉಜ್ಜಿದೆ. ಬೆರಳಿಗೆ ಮತ್ತೆ ಸೋಪು ಸವರಿ ಮೊದಲಿಂದ ಸುತ್ತಿದೆ. ಈ ಸಲ ಅವಸರ ಮಾಡಲಿಲ್ಲ. ಉಂಗುರದಡಿಯ ತುದಿಯನ್ನು ಹಿಡಿದು ಒಂದೊಂದೇ ಸುತ್ತು ಬಿಚ್ಚುತ್ತಾ ಬಂದೆ. ಒಂದು ಸುತ್ತು ಬಿಚ್ಚಿದರೆ ಉಂಗುರ ಒಂದು ಕೂದಲೆಳೆಯಷ್ಟು ಮುಂದೆ. ಗೆಣ್ಣಿನ ಹತ್ತಿರ ನಿಂತೇಬಿಟ್ಟಿತು. ಅಜ್ಜಿ ಕಣ್ಣು ಮುಚ್ಚಿ ನನ್ನ ಭುಜ ಹಿಡಿದುಕೊಂಡರು.

"ಇನ್ನೊಂಚೂರು ತಡ್ಕೊಳವ್ವ, ಬಂದ್ಬುಡ್ತು," ಅಂದೆ, ಕನ್ನಡದಲ್ಲೇ. ಅವರಿಗೆ ಏನು ತಿಳಿಯಿತೋ, ತಲೆಯಾಡಿಸಿದರು. ಇನ್ನೆರಡು ಸುತ್ತು ಬಿಚ್ಚಿದೆ. ಉಂಗುರ ಗೆಣ್ಣು ದಾಟಿ ನನ್ನ ಅಂಗೈಗೆ ಬಿತ್ತು. ಎಲ್ಲೂ ಒಂದು ಗೀರಿಲ್ಲ.

ಅಂಗಡಿ ತುಂಬ ಚಪ್ಪಾಳೆ! ಸುಯ್ಯೆಂದು ಉಸಿರುಬಿಟ್ಟ ಅಜ್ಜಿ ಉಂಗುರಕ್ಕೆ ಮುತ್ತಿಟ್ಟು, ಆಮೇಲೆ ನನ್ನ ಕೈಗೂ ಮುತ್ತಿಟ್ಟರು. ನೋಡನೋಡುತ್ತಿದ್ದಂತೆ ಬೆರಳಿಗೆ ಕೆಂಪು ಮರಳಿತು. ನಮ್ಮೆಜಮಾನ್ರು ಗುರುತು ಪರಿಚಯ ಇಲ್ಲದವರಿಗೆಲ್ಲ, "ಮೈ ವೈಫು, ಮೈ ವೈಫು," ಅನ್ನುತ್ತಾ ಓಡಾಡಿದರು.

ಅಜ್ಜಿ ಸವಿತಾಳನ್ನು ಏನೋ ಕೇಳಿದರು. "ನಿಮ್ಮಮ್ಮ ಡಾಕ್ಟರಾ ಅಂತಾರೆ," ಅಂದ ಮಗಳು, ಅವರ ಕಡೆ ತಿರುಗಿ, ನನ್ನ ಅಪ್ಪ ಗೋಲ್ಡ್‌ಸ್ಮಿತ್ ಆಗಿದ್ದರು ಅಂತ ವಿವರಿಸಹೊರಟಳು. ಅಷ್ಟು ಇಂಗ್ಲಿಷು ನನಗೂ ಅರ್ಥವಾಯಿತು. ಅವಳ ಮಾತು ತಡೆದೆ. ಎದೆ ಮುಟ್ಟಿಕೊಂಡು, "ಐ ಗೋಲ್ಡ್‌ಸ್ಮಿತ್," ಅಂದೆ.

ಪಾಸ್‌ಪೋರ್ಟಿನ ಅರ್ಜಿಯಿಂದ ಹಿಡಿದು ರೇಷನ್ ಕಾರ್ಡಿನವರೆಗೆ ನನ್ನನ್ನು ಗೃಹಿಣಿ ಅಂತಲೇ ಬರೆಸಿದ್ದೇವೆ. ಅದರಲ್ಲಿ ನನಗೆ ಬೇಸರವೇನಿಲ್ಲ. ಆದರೆ ಐವತ್ತೆಂಟನೇ ವಯಸ್ಸಿನಲ್ಲಿ, ಯಾವುದೋ ದೇಶದ ಯಾವುದೋ ದಂಡೆಯಲ್ಲಿ, ನನ್ನ ಬಾಯಿಂದ ಬಂದ ಆ ಎರಡು ಪದ ನೆನೆದರೆ ಈಗಲೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

— ಒಬ್ಬ ಓದುಗಿ, ನಾಗಮಂಗಲ