ಹೆಸರು ಓದದಿದ್ದರೂ ಬಂದ ಹೂಂ

ದೆವ್ವ, ಗಾಳಿ, ಸತ್ತವರ ಸುಳಿದಾಟ ಇಂಥವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಇರುವುದಾದರೂ ಹೇಗೆ? ನಮ್ಮ ಬಳಗದಲ್ಲಿ ನಡೆದ ದೆವ್ವದ ಕಾಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾನೇ ಮಾಡಿದವು. ಯರಗಟ್ಟಿಯ ಒಂದು ಮದುವೆ ಮನೆಯಲ್ಲಿ ಅಟ್ಟದ ಮೇಲಿನ ತಾಮ್ರದ ಕೊಡಕ್ಕೆ ದಾರ ಕಟ್ಟಿ, ಕೆಳಗೆ ಮಲಗಿದಲ್ಲಿಂದಲೇ ಎಳೆದು, ಬೀಗರ ಕಡೆಯ ಹೆಂಗಸರನ್ನೆಲ್ಲ ಅಂಗಳಕ್ಕೆ ಓಡಿಸಿದ್ದೆ. ಆಗಲೇ ನನಗೆ ಇಬ್ಬರು ಮಕ್ಕಳು. ಈಗ ಮೊಮ್ಮಕ್ಕಳಿದ್ದಾರೆ, ಚಟ ಮಾತ್ರ ಬಿಟ್ಟಿಲ್ಲ. ಇಂಥವಳು ತನಗೊಂದು ವಿಚಿತ್ರ ಅನುಭವವಾಯಿತು ಎಂದರೆ ಯಾರು ನಂಬುತ್ತಾರೆ? ಅದಕ್ಕೇ ಇಷ್ಟು ವರ್ಷ ಸುಮ್ಮನಿದ್ದೆ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿದಳು. ಬಾಯಿಂದ ಹೇಳಿದರೆ ಜನ ನನ್ನ ಮುಖ ನೋಡಿಯೇ ನಗುತ್ತಾರೆ. ಬರೆದರೆ ಮುಖ ಕಾಣುವುದಿಲ್ಲವಲ್ಲ. ಹಾಗಾಗಿ ಬೈಲಹೊಂಗಲದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಒಂದೇ ಬೆರಳಿನಲ್ಲಿ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ನಾವು ಮೂವರು ಸೇರಿ ಮನೆತನಗಳ ಪುಸ್ತಕ ಮಾಡುತ್ತೇವೆ. ಸವದತ್ತಿಯ ಗುರುಸಿದ್ದಪ್ಪ ಮಾಸ್ತರರು ಸಾಲಿಯಿಂದ ನಿವೃತ್ತರಾದವರು, ಅವರಿಗೆ ವಂಶಾವಳಿಯ ಹುಚ್ಚು. ರಾಮದುರ್ಗದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ರಜಿಯಾಳಿಗೆ ಕಂಪ್ಯೂಟರಿನ ಕೈ ಚೆನ್ನಾಗಿದೆ. ನನಗೆ ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಯಾಕೆ ಕೊಟ್ಟರು, ಕೊಟ್ಟ ಮೇಲೆ ಏನಾಯಿತು ಎಂಬುದೆಲ್ಲ ಗೊತ್ತು. ಮನೆಯವರು ಇದನ್ನು ಚಾಡಿ ಎನ್ನುತ್ತಾರೆ, ಮಾಸ್ತರರು ಇತಿಹಾಸ ಎನ್ನುತ್ತಾರೆ. ಒಂದು ಮನೆತನಕ್ಕೆ ಒಂದು ಸಣ್ಣ ಪುಸ್ತಕ. ಮದುವೆಯಲ್ಲೋ ಮನೆ ಶಾಂತಿಯಲ್ಲೋ ಬಳಗಕ್ಕೆ ಹಂಚುತ್ತಾರೆ.

ಮೊದಲ ಪುಸ್ತಕ ಕಿತ್ತೂರಿನ ಒಂದು ಮನೆಯದು. ಅದು ಅಚ್ಚಾಗಿ ಬಂದ ದಿನವೇ ಅಣ್ಣತಮ್ಮಂದಿರಿಬ್ಬರು ತಾನು ಹಿರಿಯ, ತಾನು ಹಿರಿಯ ಎಂದು ಕೊರಳಪಟ್ಟಿ ಹಿಡಿದುಕೊಂಡರು. ಅಂದಿನಿಂದ ಮಾಸ್ತರರು ಒಂದು ಪದ್ಧತಿ ಮಾಡಿದರು. ಅಚ್ಚಿಗೆ ಕೊಡುವ ಮೊದಲು ಆ ಮನೆಯ ಹಿರಿಯರ ಮುಂದೆ ಕುಳಿತು ಎಲ್ಲ ಹೆಸರುಗಳನ್ನೂ ಗಟ್ಟಿಯಾಗಿ ಓದಬೇಕು. ಒಂದೊಂದು ಹೆಸರಿಗೂ ಹಿರಿಯರು ‘ಹೂಂ’ ಅನ್ನಬೇಕು. ಸುಮ್ಮನಾದರೆ ತಪ್ಪಿದೆ ಎಂದರ್ಥ. ಹೂಂ ಬರುವ ತನಕ ಮುಂದಿನ ಹೆಸರಿಗೆ ಹೋಗುವಂತಿಲ್ಲ. ಹಿಂದೆ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಬಂದು ನಮ್ಮ ಹಿರಿಯರ ಹೆಸರುಗಳನ್ನು ಹಾಡಿದ ಹಾಗೆ ಹೇಳುತ್ತಿದ್ದರು, ನಮ್ಮಜ್ಜ ಜೋಳದ ಚೀಲಕ್ಕೆ ಒರಗಿ ಹೂಂ ಹೂಂ ಅನ್ನುತ್ತಿದ್ದ. ಮಾಸ್ತರರು ಅದನ್ನೇ ಪುಸ್ತಕಕ್ಕೆ ತಂದರು.

ನನ್ನ ತವರು ಮುನವಳ್ಳಿ. ಅಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಈಗ ಆ ಮನೆಗೆ ಅವನ ಹೆಂಡತಿ, ನಮ್ಮ ವೈನಿಯೇ ಹಿರಿಯರು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ತವರಿನ ಪುಸ್ತಕ ಮಾಡುತ್ತೇವೆ ಎಂದು ತಿಳಿಸಿದ ಮರುದಿನವೇ ವೈನಿ ಫೋನು ಮಾಡಿದರು.

“ತಂಗೀ, ನನ್ನ ದೊಡ್ಡ ಕೂಸನ್ನೂ ಬರಸ್ತೀಯಲ್ಲಾ?”

ಆ ಕೂಸಿನ ಮಾತನ್ನು ಅವರು ಅಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಹೆಣ್ಣು ಕೂಸು, ಮನೆಗೆ ಮೊದಲನೆಯದು. ತೊಟ್ಟಿಲಿಗೆ ಹಾಕುವ ದಿನ ಬೆಳಗಿನಲ್ಲೇ ಹೋಗಿಬಿಟ್ಟಿತು. ನಮ್ಮ ಕಡೆ ಹೆಸರಿಡುವ ಹಕ್ಕು ಸೋದರತ್ತೆಯದು. ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು ಸದ್ದು ಮಾಡಿ ಹೆಸರು ಹೇಳಬೇಕು. ಆಗ ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಧಬಧಬ ಗುದ್ದುತ್ತಾರೆ, ನಗೆಯೋ ನಗೆ. ನಾನಾಗ ಸಾಲಿಗೆ ಹೋಗುವ ಹುಡುಗಿ. ಹೆಸರು ಆರಿಸಿ, ಮೊದಲು ಕೂಸಿನ ಕಿವಿಗೇ ಬೀಳಲಿ ಎಂದು ಅವ್ವನಿಗೂ ಹೇಳದೆ ಇಟ್ಟುಕೊಂಡಿದ್ದೆ. ತೊಟ್ಟಿಲು ಕಟ್ಟಿಯಾಗಿತ್ತು. ಹೆಂಗಸರೆಲ್ಲ ಬಂದು ಕುಳಿತಿದ್ದರು. ಬಂದವರು ಹಾಗೇ ಎದ್ದು ಹೋದರು. ಏನು ಹೆಸರು ಇಡುವವಳಿದ್ದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾಸ್ತರರಿಗೆ ವೈನಿಯ ಮಾತು ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ತೊಟ್ಟಿಲಕ್ಕ ಹಾಕಿ ಹೆಸರಿಟ್ಟ ಕೂಸಷ್ಟ ಬರೀಬೇಕ್ರಿ ಅಕ್ಕಾರ. ಹೆಳವರೂ ಹಂಗ ಮಾಡ್ತಿದ್ರು. ಇಂಥಾ ಕೂಸು ಇಲ್ಲದ ಮನಿ ಯಾವುದೈತಿ? ಒಂದು ಮನಿಗೆ ಬರದ್ರ ಎಲ್ಲಾ ಮನ್ಯಾಗೂ ಹೆಂಗಸರನ್ನ ಮತ್ತ ಅಳಿಸಿದಂಗ ಆಗತೈತಿ.”

“ನಮ್ಮಲ್ಲಿ ಹುಟ್ಟಿದ ಕೂಡ್ಲೆ ಕಿವ್ಯಾಗ ಅಜಾನ್ ಹೇಳಿಬಿಡ್ತಾರ್ರಿ,” ಎಂದಳು ರಜಿಯಾ. “ನೀವ್ಯಾಕ ಇಷ್ಟು ತಡಾ ಮಾಡ್ತೀರಿ?”

ಮಾಸ್ತರರು ಕನ್ನಡಕ ಮತ್ತೆ ಹಾಕಿಕೊಂಡರು. ನಿಯಮ ಮಾತ್ರ ಹಾಗೇ ಉಳಿಯಿತು. ವೈನಿಗೆ ಫೋನಿನಲ್ಲಿ ಹೇಳಿದಾಗ ಅವರು “ಆತು ಬಿಡು” ಎಂದರು. ಅಷ್ಟೇ.

ಯುಗಾದಿ ಕಳೆದ ಬಳಿಕ ಓದುವುದಕ್ಕೆಂದು ಮುನವಳ್ಳಿಗೆ ಹೋದೆವು. ಸುಡುಸುಡು ಮಧ್ಯಾಹ್ನ. ಮಗ ಸೊಸೆ ಮಕ್ಕಳನ್ನು ಕರೆದುಕೊಂಡು ಜವಳಿ ತರಲು ಯರಗಟ್ಟಿಗೆ ಹೋಗಿದ್ದರು. ಮನೆಯಲ್ಲಿದ್ದವರು ನಾವು ಮೂವರು ಮತ್ತು ವೈನಿ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕುಳಿತಿದ್ದೆವು. ಕರೆಂಟು ಹೋಗಿ ಫ್ಯಾನು ನಿಂತಿತ್ತು, ಆದ್ದರಿಂದ ನೊಣ ಹಾರಿದರೂ ಕೇಳುವಷ್ಟು ನಿಶ್ಶಬ್ದ. ಪಡಸಾಲೆಗೆ ಹೊಂದಿ ಒಳಖೋಲಿ, ಅದರ ತೊಲೆಗೆ ಮನೆಯ ಹಳೆಯ ತೊಟ್ಟಿಲು ತೂಗುಬಿಟ್ಟಿದೆ. ಆಗ ಅದರಲ್ಲಿ ಉಳ್ಳಾಗಡ್ಡಿ ತುಂಬಿಟ್ಟಿದ್ದರು.

ಮಾಸ್ತರರು ಓದತೊಡಗಿದರು. ಮುತ್ತಜ್ಜನ ಹೆಸರಿಗೆ ಹೂಂ, ಅಜ್ಜನ ಹೆಸರಿಗೆ ಹೂಂ. ಅಪ್ಪನ ಹೆಸರು ಬಂದಾಗ ವೈನಿ ಸೆರಗು ಸರಿಮಾಡಿಕೊಂಡು ಹೂಂ ಎಂದರು. ಅಣ್ಣನ ಹೆಸರಿಗೆ ಸಣ್ಣಗೆ. ತಮ್ಮ ಹೆಸರು ಬಂದಾಗ ನಕ್ಕು, “ಹೂಂ, ಇನ್ನೂ ಅದೇನಿ” ಎಂದರು. ಇನ್ನು ಅವರ ಮಕ್ಕಳ ಸರದಿ. ಮಾಸ್ತರರು ಹಾಳೆ ತಿರುವಿ, ಚೊಂಬು ಎತ್ತಿ ಒಂದು ಗುಟುಕು ನೀರು ಕುಡಿದರು.

ಆಗ ಒಳಖೋಲಿಯಿಂದ ಬಂತು.

“ಹೂಂ.”

ಅಳುವಲ್ಲ, ನರಳುವಿಕೆಯಲ್ಲ. ಕಥೆ ಕೇಳುತ್ತ ನಿದ್ದೆಗೆ ಜಾರುವ ಮಗು, ನಿಲ್ಲಿಸಬೇಡ, ಕೇಳುತ್ತಿದ್ದೇನೆ ಎಂದು ಅನ್ನುತ್ತದಲ್ಲ, ಆ ಹೂಂ. ಮಾಸ್ತರರ ಕೈಯಲ್ಲಿ ಚೊಂಬು ಅಲ್ಲೇ ನಿಂತಿತು. ಆಮೇಲೆ ಮೂವರೂ ತಿರುಗಿ ನನ್ನನ್ನು ನೋಡಿದರು. ಒಳಖೋಲಿಯ ಬಾಗಿಲಿಗೆ ಬೆನ್ನು ಮಾಡಿ ಕುಳಿತವಳು ನಾನೇ.

“ಅಕ್ಕಾರ, ಇಲ್ಲಿ ಬ್ಯಾಡ್ರಿ ನಿಮ್ಮ ಆಟ,” ಎಂದರು ಮಾಸ್ತರರು.

“ನಾ ಏನ ಮಾಡೇನಿ?”

“ನಿಮ್ಮ ಹಿಂದಿಂದ ಬಂತಲ್ರಿ,” ಎಂದಳು ರಜಿಯಾ. “ಹೋದ ಸಲ ನಮ್ಮಂಗಡ್ಯಾಗ ಬೆಕ್ಕಿನಂಗ ಒದರಿ ಗಿರಾಕಿ ಓಡ್ಸಿದ್ರಿ. ಅವತ್ತು ನಕ್ಕೆ. ಇದಕ್ಕ ನಗು ಬರಲಿಲ್ಲರಿ.”

ವೈನಿ ನನ್ನನ್ನೇ ನೋಡಿದರು. ನಾನು ಮದುವೆಯಾಗಿ ಹೊರಟ ದಿನ ನನ್ನ ಉಡಿ ತುಂಬಿದ ಕೈ ಅವರದು, ನನ್ನ ಹುಡುಗಾಟಕ್ಕೆಲ್ಲ ಮೊದಲು ನಗುತ್ತಿದ್ದವರೂ ಅವರೇ. ಆ ಮುಖದಲ್ಲಿ ಅಂಥ ನೋಟ ನಾನು ಕಂಡಿರಲಿಲ್ಲ.

“ಹುಡುಗಾಟಕ್ಕ ನಿನಗ ನನ್ನ ಕೂಸ ಬೇಕಾತೇನ?” ಎಂದರು.

“ನಿಮ್ಮಾಣಿ ವೈನಿ, ನಾ ಅನ್ನಲಿಲ್ಲ.”

“ಆಣಿ ಇಡಬ್ಯಾಡ. ನಿನ್ನ ಆಣಿ ನನಗ ಗೊತ್ತಿಲ್ಲೇನ?”

ರಜಿಯಾ ಎದ್ದು ಒಳಗೆ ಹೋಗಿ ನೋಡಿದಳು. ಹಿಂದಿನ ಬಾಗಿಲ ಅಗಳಿ ಹಾಕಿತ್ತು. ಚೀಲಗಳು, ತೊಟ್ಟಿಲು, ಉಳ್ಳಾಗಡ್ಡಿ, ಅಷ್ಟೇ. ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತು ನನ್ನ ಬಾಯಿಯ ಮೇಲೆ ಅಂಗೈ ಒತ್ತಿದಳು. “ಈಗ ಓದ್ರಿ ಮಾಸ್ತರ.” ಅವಳ ಕೈಗೆ ಝೆರಾಕ್ಸ್ ಯಂತ್ರದ ಟೋನರಿನ ವಾಸನೆ ಇತ್ತು. ಬೇರೆ ದಿನವಾಗಿದ್ದರೆ ಕಚ್ಚಿರುತ್ತಿದ್ದೆ.

ಮಾಸ್ತರರು ಅಣ್ಣನ ಹೆಸರಿನಿಂದ ಮತ್ತೆ ಓದಿದರು. ಹೂಂ. ವೈನಿಯ ಹೆಸರು. ಹೂಂ. ನಿಲ್ಲಿಸಿ ಕಾದರು. ಒಳಖೋಲಿಯಿಂದ ಏನೂ ಬರಲಿಲ್ಲ. ರಜಿಯಾ ನನ್ನತ್ತ ನೋಡಿದ ನೋಟದಲ್ಲಿ, ನೋಡಿದಿರಾ, ಎಂಬುದು ಸ್ಪಷ್ಟವಾಗಿತ್ತು. ಮಾಸ್ತರರು ಮುಂದಿನ ಸಾಲಿಗೆ ಹೋಗಿ ಅಣ್ಣನ ಮಗನ ಹೆಸರನ್ನು ಓದಿದರು, “ಮೊದಲನೇ ಸಂತಾನ” ಎಂದು.

ವೈನಿ ಸುಮ್ಮನಿದ್ದರು.

ಮಾಸ್ತರರು ಇನ್ನೊಮ್ಮೆ ಓದಿದರು. ಆಗಲೂ ಸುಮ್ಮನೆ.

“ಯಾಕ್ರಿ ಅವ್ವಾರ, ತಪ್ಪೈತೇನು?”

“ತಪ್ಪೈತಿ,” ಎಂದರು ವೈನಿ. “ಅವ ಎರಡನೇದಾವ. ನಾ ಹೆಂಗ ಹೂಂ ಅನ್ಲಿ?”

ಮಾಸ್ತರರು ಮಾಡಿದ ಪದ್ಧತಿ ಮಾಸ್ತರರನ್ನೇ ಕಟ್ಟಿಹಾಕಿತು. ಹೂಂ ಇಲ್ಲದೆ ಮುಂದೆ ಹೋಗುವಂತಿಲ್ಲ, ಪುಸ್ತಕ ಅಲ್ಲಿಗೇ ನಿಂತಂತೆ. ಅವರು ಹಾಳೆಯಿಂದ ತಲೆಯೆತ್ತಿ ಮೆಲ್ಲಗೆ ಕೇಳಿದರು: “ಬರೀಬಹುದ್ರಿ. ಖರೇ, ಹೆಸರಿಲ್ಲದ ಏನಂತ ಬರೀಲಿ?”

“ಹೆಸರಿಡಾಕಿ ಇಲ್ಲೇ ಕುಂತಾಳಲ್ಲ,” ಎಂದರು ವೈನಿ, ನನ್ನನ್ನು ನೋಡದೆಯೇ. “ಹುಡುಗಾಟ ಮಾಡ್ಲಿಕ್ಕೆ ಬರತೈತಿ. ಹೆಸರಿಡಾಕ ಬರತೈತೇನ ನೋಡೂಣು.”

ನಾನು ಎದ್ದೆ. ವೈನಿ ಒಳಖೋಲಿಗೆ ಹೋಗಿ ತೊಟ್ಟಿಲಿನ ತಲೆದೆಸೆಗೆ ನಿಂತು ಹಗ್ಗ ಹಿಡಿದರು. ಮಾಸ್ತರರು ಗಂಡಸರು, ಪಡಸಾಲೆಯಲ್ಲೇ ಉಳಿದರು. ರಜಿಯಾ ಹೊಸ್ತಿಲಲ್ಲಿ ನಿಂತಳು. ತೊಟ್ಟಿಲಿಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ, ಅಲ್ಲಿ ನಾನು ನಿಂತೆ. ನನ್ನ ಹಿಂದೆ ಇದ್ದದ್ದು ಗೋಡೆ.

ಉಳ್ಳಾಗಡ್ಡಿಯ ಮೇಲೆ ಬಾಗಿದೆ. ನಗು ಬರಬೇಕಿತ್ತು, ಬರಲಿಲ್ಲ. ‘ಕುರ್‍ರ್’ ಎಂದೆ. ಸಾಲಿಗೆ ಹೋಗುವ ಹುಡುಗಿ ಆರಿಸಿಟ್ಟುಕೊಂಡಿದ್ದ ಆ ಹೆಸರನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ಬೆನ್ನಿಗೆ ಗುದ್ದು ಬಿತ್ತು. ಒಂದಲ್ಲ. ಧಬ, ಧಬ, ಧಬ, ಬೇರೆ ಬೇರೆ ಕೈಗಳು. ಒಂದು ಮೆತ್ತಗಿನ ಕೈ, ಒಂದು ಎಲುಬಿನ ಕೈ, ಒಂದರ ಜೊತೆ ಗಾಜಿನ ಬಳೆಗಳ ಸದ್ದು. ನಾನು ತೊಟ್ಟಿಲಿನ ಅಂಚು ಹಿಡಿದು ಮುಗ್ಗರಿಸಿದೆ, ಎರಡು ಉಳ್ಳಾಗಡ್ಡಿ ಉರುಳಿ ಕೆಳಗೆ ಬಿದ್ದವು. ತಿರುಗಿ ನೋಡಿದರೆ ಸುಣ್ಣ ಬಳಿದ ಗೋಡೆ.

“ಬಿದ್ರೇನ್ರಿ ಅಕ್ಕಾರ? ಏನ ಸಪ್ಪಳ ಅದು?” ಎಂದು ಹೊಸ್ತಿಲಿನಿಂದ ರಜಿಯಾ ಕೂಗಿದಳು.

ವೈನಿಯ ಎರಡೂ ಕೈ ಹಗ್ಗದ ಮೇಲಿದ್ದವು. ಅವರ ಕೈಯಲ್ಲಿ ಬಳೆ ಇಲ್ಲ, ಅಣ್ಣ ಹೋದಾಗಲೇ ತೆಗೆದದ್ದು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. “ತೊಟ್ಟಿಲಕ್ಕ ಬಂದಿದ್ರಲ್ಲ ಅವತ್ತು,” ಎಂದರು. “ಹಂಗ ಎದ್ದು ಹೋಗಿದ್ರು ಪಾಪ.” ಅಷ್ಟು ಹೇಳಿ, ಏನೂ ಆಗಿಲ್ಲ ಎಂಬಂತೆ ತೊಟ್ಟಿಲನ್ನು ತೂಗತೊಡಗಿದರು.

ಪಡಸಾಲೆಗೆ ಬಂದ ಮೇಲೆ ಮಾಸ್ತರರು ಹೆಸರು ಕೇಳಿ ಪೆನ್ಸಿಲ್ಲಿನಲ್ಲಿ ಬರೆದರು. ಮೊದಲಿನಿಂದ ಓದಿದರು. ಆ ಹೆಸರು ಬಂದಾಗ ಮೂವರೂ ಉಸಿರು ಹಿಡಿದು ಒಳಖೋಲಿಯ ಕಡೆ ಕಿವಿಕೊಟ್ಟೆವು. ಅಲ್ಲಿಂದ ಏನೂ ಬರಲಿಲ್ಲ. ವೈನಿಯೊಬ್ಬರೇ, ಇಡೀ ಓಣಿಗೆ ಕೇಳುವ ಹಾಗೆ, “ಹೂಂ” ಎಂದರು. ಮಗನ ಹೆಸರಿಗೆ, ‘ಎರಡನೇ ಸಂತಾನ’ ಎಂದು ತಿದ್ದಿದ ಮೇಲೆ, ಇನ್ನೊಂದು ಹೂಂ. ಸಂಜೆ ಯರಗಟ್ಟಿಯಿಂದ ಎಲ್ಲರೂ ಬರುವಷ್ಟರಲ್ಲಿ ಓದು ಮುಗಿದಿತ್ತು.

ಪುಸ್ತಕ ಅಚ್ಚಾಯಿತು. ಮೊಮ್ಮಗನ ಮದುವೆಯಲ್ಲಿ ವೈನಿ ಕುರ್ಚಿ ಹಾಕಿ ಕುಳಿತು ಬಂದವರಿಗೆಲ್ಲ ತಮ್ಮ ಕೈಯಾರೆ ಹಂಚಿದರು. ಆ ಹೆಸರಿರುವ ಪುಟವನ್ನು ತೆರೆದೇ ಕೊಡುತ್ತಿದ್ದರು. ಹೆಸರು ಏನೆಂದು ನಾನಿಲ್ಲಿ ಬರೆಯುವುದಿಲ್ಲ, ಮುನವಳ್ಳಿಗೆ ಹೋದರೆ ಅವರೇ ತೋರಿಸುತ್ತಾರೆ. ಆಮೇಲೆ ಮಾಸ್ತರರು ಹೆಸರಿಟ್ಟ ಕೂಸಷ್ಟೇ ಎಂಬ ತಮ್ಮ ನಿಯಮವನ್ನೂ ಸದ್ದಿಲ್ಲದೆ ಕೈಬಿಟ್ಟರು. ಈಗ ಪ್ರತಿ ಮನೆಯಲ್ಲೂ ಇಂಥ ಕೂಸು ಇತ್ತೇ ಎಂದು ಹೆಂಗಸರನ್ನು ಮೊದಲು ಕೇಳುತ್ತಾರೆ.

ಆದರೆ ಮಾಸ್ತರರೂ ರಜಿಯಾಳೂ ಇಂದಿಗೂ ಆ ಹೂಂ ನನ್ನದೇ ಎಂದು ನಂಬಿದ್ದಾರೆ. ನನ್ನ ಆಟ ಒಂದು ಒಳ್ಳೆಯ ಕೆಲಸಕ್ಕೆ ಬಂತು ಎಂದು ಮೆಚ್ಚಿಕೊಂಡು ಮಾತಾಡುತ್ತಾರೆ, ಅದೇ ನನಗೆ ಕಷ್ಟ. ನಾನು ಮಾಡಿದ ಯಾವ ಹುಡುಗಾಟವನ್ನೂ ಒಂದು ವಾರ ಹೊಟ್ಟೆಯಲ್ಲಿಟ್ಟುಕೊಂಡವಳಲ್ಲ. ಮಾಡಿದ್ದರೆ ಅಂದೇ ಬಸ್ಸಿನಲ್ಲಿ ಹೇಳಿ ನಕ್ಕುಬಿಡುತ್ತಿದ್ದೆ. ಗುದ್ದಿನ ಸದ್ದೆಂದರೆ ನಾನು ಗೋಡೆಗೆ ಬೆನ್ನು ಬಡಿದುಕೊಂಡದ್ದು ಎನ್ನುತ್ತಾಳೆ ರಜಿಯಾ. ಇರಬಹುದೇನೋ ಎಂದು ನಾನೂ ಎಷ್ಟೋ ಸಲ ಯೋಚಿಸಿದ್ದೇನೆ. ಬಳೆಯ ಸದ್ದಿನ ಹತ್ತಿರ ಬಂದಾಗ ಯೋಚನೆ ನಿಂತುಬಿಡುತ್ತದೆ.

ವೈನಿ ಈಗ ಹೆಚ್ಚು ನಡೆಯುವುದಿಲ್ಲ. ಮಧ್ಯಾಹ್ನದ ಹೊತ್ತು ಒಳಖೋಲಿಯಲ್ಲಿ ತೊಟ್ಟಿಲಿನ ಪಕ್ಕ ಹಾಸಿಗೆ ಹಾಕಿಸಿಕೊಂಡು ಮಲಗಿ, ಅಲ್ಲಿಂದಲೇ ನನಗೆ ಫೋನು ಮಾಡುತ್ತಾರೆ. ಊಟ, ಮಂಡಿನೋವು, ಸೊಸೆಯ ದೂರು ಎಲ್ಲ ಮುಗಿದ ಮೇಲೆ ಪ್ರತಿ ಸಲವೂ ಅದನ್ನೇ ಕೇಳುತ್ತಾರೆ: “ಖರೇ ಹೇಳ ತಂಗೀ. ಅವತ್ತು ನೀ ಅಂದಿದ್ದೇನ?”

“ನಾ ಅಲ್ಲರಿ ವೈನಿ.”

ಒಂದು ಕ್ಷಣ ಆ ಕಡೆ ಏನೂ ಕೇಳಿಸುವುದಿಲ್ಲ. ಆಮೇಲೆ “ಹೂಂ” ಎಂದು ಬರುತ್ತದೆ, ಬಲು ಸಣ್ಣಗೆ, ನಿದ್ದೆಗಣ್ಣಿನಲ್ಲಿ ಅಂದ ಹಾಗೆ. ನಮ್ಮ ಪದ್ಧತಿಯಂತೆ ಹೂಂ ಬಂದರೆ ಸರಿಯಿದೆ ಎಂದರ್ಥ, ಮುಂದೆ ಹೋಗಬಹುದು. ನಾನೂ ಫೋನು ಇಟ್ಟುಬಿಡುತ್ತೇನೆ. ಆ ಹೂಂ ಅಂದವರು ವೈನಿಯೇನಾ ಎಂದು ಕೇಳಲು ಇಷ್ಟು ದಿನವಾದರೂ ನನಗೆ ಧೈರ್ಯ ಬಂದಿಲ್ಲ.